ಪೆಟ್ರೋಲ್ ಹಾಕಿಸಿಯಾಯಿತು, ಹಣ ಹೋಗುತ್ತಿಲ್ಲ: ಬಂಕಿನಲ್ಲಿ ಯಾವುದನ್ನು ಮೊದಲು ಮಾಡಬೇಕು?

ಟ್ಯಾಂಕು ತುಂಬಿದೆ, ಪಂಪಿನ ಮೀಟರಿನಲ್ಲಿ ಮೊತ್ತ ನಿಂತಿದೆ, ಹಿಂದಿನ ಸ್ಕೂಟರಿನವರು ಹಾರನ್ ಒತ್ತುತ್ತಿದ್ದಾರೆ, ಫೋನಿನ ಪರದೆಯ ಮೇಲೆ ಮಾತ್ರ ಚಕ್ರ ಸುತ್ತುತ್ತಲೇ ಇದೆ. ಜೇಬಿನಲ್ಲಿ ನೋಟು ಇಟ್ಟುಕೊಳ್ಳುವ ಅಭ್ಯಾಸವನ್ನೇ ಬಿಟ್ಟಿರುವ ಬೆಂಗಳೂರಿಗರಿಗೆ ಇದು ಹೊಸ ಅನುಭವವೇನಲ್ಲ. ತರಕಾರಿಯಾದರೆ ಗಾಡಿಯವರ ಬುಟ್ಟಿಗೇ ವಾಪಸು ಸುರಿದು ಬರಬಹುದು. ಟ್ಯಾಂಕಿಗೆ ಇಳಿದ ಪೆಟ್ರೋಲನ್ನು ಹಾಗೆ ಹಿಂತಿರುಗಿಸಲಾಗದು ಎಂಬುದೇ ಇಲ್ಲಿನ ತೊಡಕು.

ಈ ಸನ್ನಿವೇಶದಲ್ಲಿ ಜನ ಎಡವುವುದು ಬಹುತೇಕ ಕ್ರಮ ತಪ್ಪುವುದರಿಂದ. ಮೊದಲು ಅದೇ ಕ್ಯೂಆರ್‌ಗೆ ಎರಡು ಮೂರು ಸಲ ಹಣ ಕಳುಹಿಸಲು ನೋಡುತ್ತಾರೆ, ಆಮೇಲೆ ಬಂಕಿನ ಹುಡುಗನೊಂದಿಗೆ ವಾದಕ್ಕಿಳಿಯುತ್ತಾರೆ, ಎಲ್ಲ ಮುಗಿದ ಮೇಲೆ ಮ್ಯಾನೇಜರಿಗೆ ವಿಷಯ ತಿಳಿಸುತ್ತಾರೆ. ಇದನ್ನು ಸರಿಯಾಗಿ ತಿರುಗಿಸಿದರೆ ಮುಕ್ಕಾಲು ಪಾಲು ತೊಂದರೆ ಅಲ್ಲಿಯೇ ಕರಗುತ್ತದೆ. ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲಿಯೇ ಅನುಸರಿಸಬೇಕೆಂದು ಕೋರುತ್ತೇನೆ.

ಹಂತ 1: ಮೊದಲು ಬಾಯಿಬಿಟ್ಟು ಹೇಳಿ, ಆಮೇಲೆ ಗಾಡಿ ಸರಿಸಿ

ಮೊದಲ ಪ್ರಯತ್ನ ವಿಫಲವಾದ ಕೂಡಲೇ, ಗಾಡಿಯನ್ನು ಒಂದಡಿಯೂ ಕದಲಿಸದೆ, ಪೆಟ್ರೋಲ್ ಹಾಕಿದವರಿಗೆ ವಿಷಯ ತಿಳಿಸಿ: "ಅಣ್ಣ, ಹಣ ಹೋಗ್ತಿಲ್ಲ. ಗಾಡಿ ಪಕ್ಕಕ್ಕೆ ಹಾಕ್ತೀನಿ, ಇಲ್ಲೇ ಇರ್ತೀನಿ." ಇಷ್ಟು ಮಾತು ಸಾಕು. ಹೇಳದೆ ಗಾಡಿ ಸರಿಸಿದರೆ ನಿಮ್ಮ ಮನಸ್ಸಿನಲ್ಲಿ ಏನೇ ಇರಲಿ, ನೋಡುವವರಿಗೆ ಅದು ಓಡಿಹೋಗುವ ಸಿದ್ಧತೆಯಂತೆಯೇ ಕಾಣುತ್ತದೆ.

ಬಂಕಿನ ಹುಡುಗರು ಒಮ್ಮೆಲೇ ಗಡಸಾಗುವುದಕ್ಕೆ ಕಾರಣವಿದೆ. ಶಿಫ್ಟ್ ಮುಗಿದಾಗ ಪಂಪಿನ ಮೀಟರಿನ ಲೆಕ್ಕಕ್ಕೂ ಕೈಗೆ ಬಂದ ಹಣದ ಲೆಕ್ಕಕ್ಕೂ ತಾಳೆಯಾಗಬೇಕು, ಕಡಿಮೆ ಬಿದ್ದದ್ದನ್ನು ಅನೇಕ ಬಂಕುಗಳಲ್ಲಿ ಆ ಶಿಫ್ಟಿನವರೇ ತುಂಬಬೇಕಾಗುತ್ತದೆ. ನಿಮಗೆ ಐನೂರು ರೂಪಾಯಿಯ ಮುಜುಗರವಾದದ್ದು ಅವರಿಗೆ ದಿನಗೂಲಿಯ ದೊಡ್ಡ ಪಾಲು ಎಂಬುದು ನೆನಪಿನಲ್ಲಿದ್ದರೆ ಮಾತಿನ ದನಿ ತಾನಾಗಿಯೇ ತಗ್ಗುತ್ತದೆ.

ಗಾಡಿ ಸರಿಸುವ ಮುನ್ನ ಮುದ್ರಿತ ಬಿಲ್ ಕೇಳಿ ಪಡೆಯಿರಿ, ಇಲ್ಲವೇ ಮೊತ್ತವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಗಾಡಿಗೆ ಪೆಟ್ರೋಲ್ ಹಾಕುವಾಗ ಮೀಟರ್ ಸೊನ್ನೆಗೆ ಹೋಗುತ್ತದೆ, ಹತ್ತು ನಿಮಿಷದ ನಂತರ "510 ಆಗಿತ್ತೋ 610 ಆಗಿತ್ತೋ" ಎಂಬ ಇನ್ನೊಂದು ತಕರಾರು ಹುಟ್ಟಿಕೊಳ್ಳುತ್ತದೆ. ಬಳಿಕ ಟ್ಯಾಂಕಿನ ಮುಚ್ಚಳ ಹಾಕಿ, ಗಾಡಿಯನ್ನು ಗಾಳಿ ತುಂಬುವ ಜಾಗದ ಕಡೆಗೆ ತಳ್ಳಿಕೊಂಡು ಹೋಗಿ. ಟ್ಯಾಂಕರ್ ಬಂದು ಪೆಟ್ರೋಲ್ ಇಳಿಸುವ, ನೆಲದಲ್ಲಿ ದುಂಡು ಮುಚ್ಚಳಗಳಿರುವ ಜಾಗದಲ್ಲಿ ಮಾತ್ರ ನಿಲ್ಲಿಸಬೇಡಿ. ಫೋನಿನೊಂದಿಗಿನ ಉಳಿದ ಕಸರತ್ತೆಲ್ಲವೂ ಪಂಪಿನಿಂದ ದೂರದಲ್ಲಿಯೇ ನಡೆಯಲಿ.

ಹಂತ 2: ತೊಡಕು ಎಲ್ಲಿದೆ ಎಂದು ಗುರುತಿಸಿ

"ಯುಪಿಐ ಆಗ್ತಿಲ್ಲ" ಎಂಬ ಒಂದೇ ಮಾತಿನ ಹಿಂದೆ ನಾಲ್ಕಾರು ಬೇರೆ ಬೇರೆ ಕಾರಣಗಳಿರುತ್ತವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಮೊದಲು ಅಕ್ಕಪಕ್ಕ ನೋಡಿ. ಬೇರೆ ಗ್ರಾಹಕರ ಹಣವೂ ಹೋಗದೆ ನಿಂತಿದ್ದರೆ ತೊಂದರೆ ಬಂಕಿನದು ಅಥವಾ ಇಡೀ ವ್ಯವಸ್ಥೆಯದು. 2025ರ ಮಾರ್ಚ್ 26ರಂದು ಮತ್ತು ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಅಸ್ತವ್ಯಸ್ತಗೊಂಡಿತ್ತು; ಅಂತಹ ಹೊತ್ತಿನಲ್ಲಿ ಆ್ಯಪ್ ಬದಲಿಸುತ್ತಾ ಕೂರುವುದು ವ್ಯರ್ಥ, ನೇರವಾಗಿ ಹಂತ 4ಕ್ಕೆ ಹೋಗಿ.

ನಿಮ್ಮೊಬ್ಬರದೇ ತೊಂದರೆಯಾಗಿದ್ದರೆ ಪರದೆಯ ಮೇಲಿನ ಸಂದೇಶವನ್ನು ಪೂರ್ತಿ ಓದಿ. ನೆಟ್‌ವರ್ಕ್ ಇಲ್ಲವೆಂದಿದ್ದರೆ ಏರೋಪ್ಲೇನ್ ಮೋಡ್ ಹಾಕಿ ತೆಗೆದು, ಬಂಕಿನ ಚಾವಣಿಯಿಂದ ಆಚೆಗೆ, ರಸ್ತೆಯ ಕಡೆಗೆ ಬನ್ನಿ. ಅದಕ್ಕೂ ಬಗ್ಗದಿದ್ದರೆ ಬಂಕಿನವರನ್ನೋ ಪಕ್ಕದಲ್ಲಿರುವವರನ್ನೋ ಎರಡು ನಿಮಿಷ ಹಾಟ್‌ಸ್ಪಾಟ್ ಕೊಡುವಂತೆ ಕೇಳಿ. ಬ್ಯಾಂಕಿನ ಸರ್ವರ್ ಸ್ಪಂದಿಸುತ್ತಿಲ್ಲವೆಂದಿದ್ದರೆ ಆ್ಯಪ್ ಬದಲಿಸಿ ಫಲವಿಲ್ಲ, ಏಕೆಂದರೆ ಯಾವ ಆ್ಯಪ್ ತೆರೆದರೂ ಕದ ತಟ್ಟುವುದು ಅದೇ ಬ್ಯಾಂಕಿನದು. ಬದಲಿಸಬೇಕಾದದ್ದು ಬ್ಯಾಂಕ್ ಖಾತೆಯನ್ನು. ದಿನದ ಮಿತಿ ಮುಗಿದಿದೆ ಎಂದಿದ್ದರೂ ಇದೇ ಪರಿಹಾರ.

ಪಿನ್ ತಪ್ಪಾಗಿದೆ ಎಂದು ಬಂದರೆ ಕೈ ತಡೆಯಿರಿ. ಗಡಿಬಿಡಿಯಲ್ಲಿ ಎಟಿಎಂ ಪಿನ್ ಒತ್ತುವವರು ಬಹಳ. ಎರಡು ಸಲ ತಪ್ಪಿದರೆ ಮೂರನೆಯ ಪ್ರಯತ್ನ ಬೇಡ. ತಪ್ಪು ಪಿನ್ ಪದೇ ಪದೇ ಒತ್ತಿದರೆ ಬ್ಯಾಂಕು ಆ ಖಾತೆಯ ಯುಪಿಐ ಅನ್ನು ತಾತ್ಕಾಲಿಕವಾಗಿ ತಡೆಹಿಡಿಯುತ್ತದೆ.

ಫೋನಿನಲ್ಲಿ ಯುಪಿಐ ಲೈಟ್ ಚಾಲೂ ಇದ್ದು ಅದರಲ್ಲಿ ಹಣ ತುಂಬಿದ್ದರೆ ಈಗ ಅದನ್ನು ಪ್ರಯತ್ನಿಸಿ. ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಇಲ್ಲದೆ ಹೋಗುತ್ತದೆ, ಆ ಕ್ಷಣದಲ್ಲಿ ಬ್ಯಾಂಕಿನ ಮುಖ್ಯ ಸರ್ವರನ್ನು ಕೇಳಬೇಕಾಗಿಲ್ಲದ ಕಾರಣ ಬ್ಯಾಂಕು ಮಲಗಿದ್ದಾಗಲೂ ಇದು ಎದ್ದಿರುವುದುಂಟು. ಇಂಟರ್ನೆಟ್ ಇಲ್ಲದವರಿಗೆ *99# ಡಯಲ್ ಮಾಡಿ ಹಣ ಕಳುಹಿಸುವ ದಾರಿಯೂ ಇದೆ, ಆದರೆ ಅದನ್ನು ಮನೆಯಲ್ಲಿ ಒಮ್ಮೆಯೂ ಬಳಸಿರದವರು ಬಂಕಿನ ಗದ್ದಲದಲ್ಲಿ ಕಲಿಯಲು ಹೊರಡುವುದು ಬೇಡ.

ಹಂತ 3: ನಿಮ್ಮ ಖಾತೆಯಿಂದ ಹೋಗಿದೆ, ಬಂಕಿಗೆ ಬಂದಿಲ್ಲ

ಹೆಚ್ಚಿನ ಜಗಳಗಳು ಹುಟ್ಟುವುದು ಇಲ್ಲಿ. ನಿಮ್ಮ ಫೋನಿಗೆ ಬ್ಯಾಂಕಿನ ಎಸ್‌ಎಂಎಸ್ ಬಂದಿದೆ, ಬಂಕಿನವರು "ಸಾರ್, ಬಂದಿಲ್ಲ" ಎನ್ನುತ್ತಿದ್ದಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು ಎಂಬುದನ್ನು ಮೊದಲು ಒಪ್ಪಿಕೊಳ್ಳಿ.

ಆ್ಯಪ್‌ನ ಹಿಸ್ಟರಿಯಲ್ಲಿ ಈ ಪಾವತಿಯನ್ನು ತೆರೆದು ಸ್ಥಿತಿ ಏನಿದೆ ಎಂದು ನೋಡಿ. 'ಪೆಂಡಿಂಗ್' ಎಂದಿದ್ದರೆ ಹಣ ದಾರಿಯಲ್ಲಿದೆ. ಅದು ಮುಂದಕ್ಕೂ ಹೋಗಬಹುದು, ಹಿಂದಕ್ಕೂ ಬರಬಹುದು. ಈ ಸ್ಥಿತಿಯಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡುವುದೇ ಎಲ್ಲರೂ ಮಾಡುವ ತಪ್ಪು, ಅರ್ಧ ಗಂಟೆಯ ನಂತರ ಎರಡೂ ಪಾವತಿಗಳು ಬಂಕಿಗೆ ತಲುಪಿರಬಹುದು. ಪಕ್ಕದಲ್ಲಿ ನಿಂತು ಐದರಿಂದ ಹತ್ತು ನಿಮಿಷ ಕಾಯಿರಿ. ಪದೇ ಪದೇ ರಿಫ್ರೆಶ್ ಮಾಡಿಯೂ ಪ್ರಯೋಜನವಿಲ್ಲ. 2025ರ ಆಗಸ್ಟ್‌ನಿಂದ ಬಾಕಿ ಪಾವತಿಯ ಸ್ಥಿತಿ ಪರಿಶೀಲನೆಗೆ ಮೂರು ಸಲದ ಮಿತಿ ಇದೆ, ನಡುವೆ 90 ಸೆಕೆಂಡುಗಳ ಅಂತರವೂ ಇರಬೇಕು.

'ಸಕ್ಸೆಸ್' ಎಂದಿದ್ದರೆ ವಿವರದಲ್ಲಿರುವ 12 ಅಂಕಿಗಳ ಯುಟಿಆರ್ ಸಂಖ್ಯೆಯನ್ನು (ಆ ಪಾವತಿಯ ಗುರುತಿನ ಸಂಖ್ಯೆ) ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡು ಮ್ಯಾನೇಜರ್ ಅಥವಾ ಕ್ಯಾಷಿಯರ್ ಬಳಿಗೆ ಹೋಗಿ. ಸೌಂಡ್ ಬಾಕ್ಸ್ ಕೂಗಲಿಲ್ಲ ಎಂಬುದು ಹಣ ಬಂದಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಆ ಪೆಟ್ಟಿಗೆಗೂ ತನ್ನದೇ ಸಿಮ್ ಇದೆ, ಅದಕ್ಕೂ ನೆಟ್‌ವರ್ಕ್ ಕೈಕೊಡುತ್ತದೆ. ಮ್ಯಾನೇಜರಿನ ಫೋನಿನಲ್ಲಿರುವ ವ್ಯಾಪಾರಿ ಆ್ಯಪ್‌ನಲ್ಲಿ ಆ ಸಮಯ, ಮೊತ್ತ ಮತ್ತು ಯುಟಿಆರ್ ಅನ್ನು ಹುಡುಕಿ ನೋಡುವಂತೆ ವಿನಂತಿಸಿ. ಹಾಗೆಯೇ ಹಣ ಯಾರ ಹೆಸರಿಗೆ ಹೋಗಿದೆ ಎಂಬುದನ್ನು ನೀವೂ ಓದಿಕೊಳ್ಳಿ. ನಾಗರಬಾವಿ ಕಡೆಯ ಒಂದು ಬಂಕಿನಲ್ಲಿ ಇಪ್ಪತ್ತು ನಿಮಿಷ ವಾದಿಸಿದ ಮೇಲೆ, ಬೆಳಿಗ್ಗೆ ಎಳನೀರು ಕುಡಿದ ಅಂಗಡಿಯ ಹೆಸರನ್ನೇ ಹಳೆಯ ಪಟ್ಟಿಯಿಂದ ಒತ್ತಿದ್ದೆನೆಂಬುದು ನನ್ನ ಅರಿವಿಗೆ ಬಂದಿತ್ತು. ಎಳನೀರಿನವರು ಸಂಜೆ ನಕ್ಕು ಹಣ ಹಿಂತಿರುಗಿಸಿದರು. ಬಂಕಿನವರ ಮುಖ ನೋಡುವುದೇ ಕಷ್ಟವಾಗಿತ್ತು.

ಸ್ಕ್ರೀನ್‌ಶಾಟ್ ತೋರಿಸಿದರೂ ನಂಬುವುದಿಲ್ಲವೆಂದು ಸಿಟ್ಟಾಗಬೇಡಿ. ಹಣ ಕಳುಹಿಸಿದಂತೆ ತೋರಿಸುವ ನಕಲಿ ಆ್ಯಪ್‌ಗಳಿಂದ ಮೋಸಹೋದ ವ್ಯಾಪಾರಿಗಳು ಅನೇಕರಿರುವುದರಿಂದ ಅವರು ತಮ್ಮ ಕಡೆಯ ದಾಖಲೆಯನ್ನೇ ನೋಡುತ್ತೇವೆನ್ನುವುದು ನ್ಯಾಯವೇ ಆಗಿದೆ.

ಹತ್ತು ನಿಮಿಷವಾದರೂ ಬಾರದಿದ್ದರೆ ಬೇರೆ ದಾರಿಯಿಂದ ಹಣ ಕೊಟ್ಟುಬಿಡಿ, ಆದರೆ ಕೊಡುವ ಮುನ್ನ ಬಿಲ್ಲಿನ ಮೇಲೆ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ: "ಈ ಯುಟಿಆರ್ ಸಂಖ್ಯೆಯ ಹಣ ನಂತರ ಬಂದಲ್ಲಿ ಗ್ರಾಹಕರಿಗೆ ಹಿಂತಿರುಗಿಸಲಾಗುವುದು." ದಿನಾಂಕ, ಸಮಯ, ಬಂಕಿನ ಮೊಹರು ಇದ್ದರೆ ಇನ್ನೂ ಒಳ್ಳೆಯದು. ಈ ಒಂದು ಸಾಲಿಲ್ಲದೆ ಎರಡನೆಯ ಸಲ ಹಣ ಕೊಟ್ಟವರೇ ಮರುದಿನ ಬಂದು ಬೇರೆ ಶಿಫ್ಟಿನವರ ಮುಂದೆ ಮೊದಲಿನಿಂದ ಕಥೆ ಹೇಳಬೇಕಾಗುತ್ತದೆ.

ಹಂತ 4: ನಿಮ್ಮ ಯುಪಿಐ ಇಲ್ಲದೆ ಹಣ ಕೊಡುವ ದಾರಿಗಳು

ಮೊದಲನೆಯದು ಕಾರ್ಡ್. ಬಂಕಿನಲ್ಲಿ ಸ್ವೈಪ್ ಮೆಷಿನ್ ಇದ್ದೇ ಇರುತ್ತದೆ, ಒಂದು ಪಂಪಿನ ಬಳಿಯದು ಕೆಟ್ಟಿದ್ದರೆ ಕಚೇರಿಯೊಳಗಿನದನ್ನು ಕೇಳಿ. ತಾಗಿಸಿ ಪಾವತಿಸುವ ಸೌಲಭ್ಯವಿರುವ ಕಾರ್ಡಿನಲ್ಲಿ 5,000 ರೂಪಾಯಿವರೆಗೆ ಪಿನ್ ಬೇಕಾಗಿಲ್ಲ. ಕ್ರೆಡಿಟ್ ಕಾರ್ಡಿಗೆ ಇಂಧನದ ಮೇಲೆ ಸಾಮಾನ್ಯವಾಗಿ ಶೇಕಡಾ 1ರಷ್ಟು ಸರ್‌ಚಾರ್ಜ್ ಬೀಳುತ್ತದೆ. ಈ ಹೊತ್ತಿನಲ್ಲಿ ಅದರ ಬಗ್ಗೆ ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ.

ಎರಡನೆಯದು ಮನೆಯವರಿಂದ ಅಥವಾ ಸ್ನೇಹಿತರಿಂದ ನೇರವಾಗಿ ಬಂಕಿನ ಖಾತೆಗೆ ಹಣ ಹಾಕಿಸುವುದು. ಇದು ಸುಲಭವೆನಿಸಿದರೂ ಮೂರು ಕಡೆ ಮುಗ್ಗರಿಸುತ್ತದೆ. ಸ್ವೈಪ್ ಮೆಷಿನ್ನಿನ ಪರದೆಯಲ್ಲಿ ಮೂಡುವ ಕ್ಯೂಆರ್‌ನ ಅವಧಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಆದ್ದರಿಂದ ಫಲಕಕ್ಕೆ ಅಂಟಿಸಿರುವ ಕ್ಯೂಆರ್‌ನ ಫೋಟೊವನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ. ಗ್ಯಾಲರಿಯಲ್ಲಿರುವ ಚಿತ್ರದಿಂದ ಸ್ಕ್ಯಾನ್ ಮಾಡಿದಾಗ 2,000 ರೂಪಾಯಿ ಮೇಲ್ಪಟ್ಟ ಮೊತ್ತವನ್ನು ಆ್ಯಪ್‌ಗಳು ತಡೆಯುವುದುಂಟು. 37 ಲೀಟರಿನ ಸ್ವಿಫ್ಟ್ ಕಾರಿನ ಟ್ಯಾಂಕು ಪೂರ್ತಿ ತುಂಬಿಸಿದವರ ಬಿಲ್ಲು 3,700 ರೂಪಾಯಿ ಮೀರಿರುತ್ತದೆಯಾದ್ದರಿಂದ ಇದು ಅವರಿಗೆ ಅಡ್ಡ ಬರುತ್ತದೆ. ಆ ಕಡೆಯವರು ಚಿತ್ರವನ್ನು ಒಂದು ಫೋನಿನಲ್ಲಿ ತೆರೆದು ಇನ್ನೊಂದು ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿದರೆ ಈ ಅಡ್ಡಿ ತಪ್ಪುತ್ತದೆ. ಮೂರನೆಯದಾಗಿ, ಪರದೆಯಲ್ಲಿ ಮೂಡುವ ಹೆಸರು ಬಂಕಿನದೇ ಹೌದೇ ಎಂದು ಅವರು ನಿಮಗೆ ಓದಿ ಹೇಳಲಿ, ನೀವು ಕ್ಯಾಷಿಯರನ್ನು ಕೇಳಿ ಖಚಿತಪಡಿಸಿದ ಮೇಲೆಯೇ ಪಿನ್ ಒತ್ತಲಿ.

"ನನ್ನ ನಂಬರಿಗೆ ಹಾಕಿ ಸಾರ್, ನಾನು ಕಟ್ತೀನಿ" ಎಂದು ಬಂಕಿನ ಹುಡುಗ ಹೇಳಿದರೆ ಸೌಜನ್ಯವನ್ನು ಮೆಚ್ಚಿ, ಹಣವನ್ನು ಮಾತ್ರ ಹಾಕಬೇಡಿ. ಆತ ಪ್ರಾಮಾಣಿಕನೇ ಇರಬಹುದು, ಆದರೆ ಬಂಕಿನ ಲೆಕ್ಕದಲ್ಲಿ ನಿಮ್ಮ ಬಿಲ್ಲು ಬಾಕಿಯಾಗಿಯೇ ಉಳಿದರೆ ನಿಮ್ಮ ಬಳಿ ತೋರಿಸಲು ಏನೂ ಇರುವುದಿಲ್ಲ. ಮ್ಯಾನೇಜರ್ ಎದುರಿಗೇ ಒಪ್ಪಿದರೆ ಅದು ಬೇರೆ ಮಾತು.

ಮೂರನೆಯದು ಎಟಿಎಂ. ಬೆಂಗಳೂರು ಆರು ಮಹಾನಗರಗಳ ಪಟ್ಟಿಯಲ್ಲಿರುವುದರಿಂದ ಬೇರೆ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಮೂರು ವ್ಯವಹಾರಗಳಷ್ಟೇ ಉಚಿತ, ಮೀರಿದರೆ ಒಂದಕ್ಕೆ 23 ರೂಪಾಯಿವರೆಗೆ ಶುಲ್ಕ ಬೀಳಬಹುದು. ಅದನ್ನು ಲೆಕ್ಕಿಸದೆ ಹತ್ತಿರದ್ದಕ್ಕೆ ನಡೆದುಬಿಡಿ. ಸಂಜೆ ಆರರ ಹೊತ್ತಿಗೆ, ವಾಹನಗಳು ಕಿಕ್ಕಿರಿಯುವ ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದ ಬಳಿ ಇದ್ದರೆ, ಎರಡು ಕಿಲೋಮೀಟರ್ ದೂರದಿಂದ ಸ್ನೇಹಿತರು ಹಣ ತಂದುಕೊಡುವುದಕ್ಕಿಂತ ನೀವು ನಡೆದು ಹೋಗಿ ಬರುವುದೇ ಬೇಗ.

ಹಂತ 5: ಬಂಕಿನಿಂದ ಹೊರಗೆ ಹೋಗಲೇಬೇಕಾದಾಗ ಏನನ್ನು ಬಿಟ್ಟು ಹೋಗಬೇಕು?

ನನ್ನ ಸ್ಪಷ್ಟ ಅಭಿಪ್ರಾಯವೆಂದರೆ ಗಾಡಿಯನ್ನೇ ಬಿಟ್ಟು ಹೋಗಬೇಕು. ಐನೂರು ರೂಪಾಯಿಯ ಬಾಕಿಗೆ ಐವತ್ತು ಸಾವಿರದ ಗಾಡಿಗಿಂತ ದೊಡ್ಡ ಭರವಸೆ ಇನ್ನೊಂದಿಲ್ಲ, ನೀವು ಮರಳಿ ಬರುತ್ತೀರಿ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯುವುದಿಲ್ಲ. ಗಾಡಿಗೆ ಬೀಗ ಹಾಕಿ, ಕೀಲಿಯನ್ನೂ ಬೆಲೆಬಾಳುವ ವಸ್ತುಗಳನ್ನೂ ನಿಮ್ಮೊಂದಿಗೆ ಒಯ್ದು, ಎಷ್ಟು ಹೊತ್ತಿಗೆ ಬರುತ್ತೀರಿ ಎಂಬುದನ್ನು ಮ್ಯಾನೇಜರಿಗೆ ತಿಳಿಸಿ ಹೋಗಿ. ಕೀಲಿ ಇಲ್ಲೇ ಇರಲಿ ಎಂದು ಅವರು ಒತ್ತಾಯಿಸಿದರೆ ಹ್ಯಾಂಡಲ್ ಲಾಕ್ ಹಾಕಿದ ಗಾಡಿ ಎಲ್ಲಿಯೂ ಓಡಿಹೋಗದೆಂದು ವಿನಯದಿಂದಲೇ ತಿಳಿಹೇಳಿ.

ಚಾಲನಾ ಪರವಾನಗಿಯ ಅಥವಾ ಆರ್‌ಸಿಯ ಮೂಲ ಕಾರ್ಡನ್ನು, ಆಧಾರ್ ಕಾರ್ಡನ್ನು, ಬ್ಯಾಂಕ್ ಕಾರ್ಡನ್ನು ಒತ್ತೆ ಇಡಬೇಡಿ. ಡ್ರಾಯರಿನೊಳಗೆ ಹೋದ ಕಾರ್ಡು ಶಿಫ್ಟ್ ಬದಲಾದಾಗ ಕಾಣೆಯಾಗುವುದು ಅಪರೂಪವಲ್ಲ. ಗುರುತು ತೋರಿಸಲೇಬೇಕಾದರೆ ಡಿಜಿಲಾಕರ್‌ನಲ್ಲಿರುವ ಪರವಾನಗಿಯನ್ನು ತೋರಿಸಿ, ಸಂಖ್ಯೆಯನ್ನು ಅವರು ಬರೆದುಕೊಳ್ಳಲಿ. ಲಾಕ್ ತೆರೆದ ಫೋನನ್ನು ಯಾರ ಕೈಗೂ ಕೊಡಬೇಡಿ. ಹೆಲ್ಮೆಟ್ ಬಿಟ್ಟು ಹೋಗುತ್ತೇನೆ ಎನ್ನುವವರಿದ್ದಾರೆ. ಗಾಡಿ ತೆಗೆದುಕೊಂಡು ಹೆಲ್ಮೆಟ್ ಬಿಟ್ಟರೆ ಮುಂದಿನ ಸಿಗ್ನಲ್ಲಿನಲ್ಲಿ ದಂಡ ಕಟ್ಟಬೇಕಾಗುತ್ತದೆ, ಅದಕ್ಕೂ ಹಣ ಬೇಕು.

ಇನ್ನೊಂದು ಎಚ್ಚರಿಕೆ. "ಹಾಕಿದ ಪೆಟ್ರೋಲ್ ಪೈಪಿನಲ್ಲಿ ವಾಪಸು ತೆಗೆಯೋಣ" ಎಂಬ ಮಾತು ಬಂದರೆ ಖಡಾಖಂಡಿತವಾಗಿ ಬೇಡವೆನ್ನಿ. ಬಾಯಿಯಿಂದ ಎಳೆಯುವಾಗ ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಆಸ್ಪತ್ರೆ ಸೇರಬೇಕಾಗುತ್ತದೆ, ತೆರೆದ ಜಾಗದಲ್ಲಿ ಹರಡುವ ಆವಿಗೆ ಒಂದು ಕಿಡಿ ಸಾಕು.

ಹಂತ 6: ಗಾಡಿ ಸಮೇತ ಹೋಗಲು ಮ್ಯಾನೇಜರ್ ಒಪ್ಪಿದರೆ

ರಾತ್ರಿ ಹತ್ತರ ಮೇಲೆ, ಜೊತೆಯಲ್ಲಿ ವಯಸ್ಸಾದವರೋ ಮಕ್ಕಳೋ ಇದ್ದಾಗ, ಅಥವಾ ನೀವು ಆ ಬಂಕಿನ ನಿತ್ಯದ ಗಿರಾಕಿಯಾಗಿದ್ದಾಗ ಮ್ಯಾನೇಜರ್ ಒಪ್ಪುವುದುಂಟು. ಒಪ್ಪಿದವರು ಪಂಪಿನ ಹುಡುಗನಾಗಿದ್ದರೆ ಸಾಲದು. ಜವಾಬ್ದಾರಿ ಹೊರುವವರೇ ಒಪ್ಪಬೇಕು. ಹೆಸರು, ಗಾಡಿ ಸಂಖ್ಯೆ, ಮೊತ್ತ, ಮೊಬೈಲ್ ಸಂಖ್ಯೆ, ಕೊಡುವ ಸಮಯ ಇಷ್ಟನ್ನು ಎರಡು ಚೀಟಿಗಳಲ್ಲಿ ಬರೆದು ಒಂದನ್ನು ನೀವು ಇಟ್ಟುಕೊಳ್ಳಿ. ಅವರೆದುರಿಗೇ ಅವರ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ನಂಬಿಕೆ ಹೆಚ್ಚುತ್ತದೆ. ಶಿಫ್ಟ್ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಕೇಳಿ, ಅದಕ್ಕೆ ಮೊದಲೇ ಹಣ ಮುಟ್ಟಿಸಿ, ಚೀಟಿಯ ಮೇಲೆ 'ಸಂದಾಯವಾಗಿದೆ' ಎಂದು ಬರೆಸಿಕೊಳ್ಳಿ.

ಹಂತ 7: ಮಾತು ಬಿಗಡಾಯಿಸಿದರೆ

ಹಣ ಕೊಡುವ ಮನಸ್ಸಿದ್ದು ಆ ಕ್ಷಣಕ್ಕೆ ಸಾಧ್ಯವಾಗದಿರುವುದಕ್ಕೂ, ಕೊಡುವ ಉದ್ದೇಶವೇ ಇಲ್ಲದೆ ಪೆಟ್ರೋಲ್ ಹಾಕಿಸುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ವಂಚನೆಯ ಕುರಿತದ್ದು, ಅಲ್ಲಿ ಮೊದಲಿನಿಂದಲೂ ಮೋಸದ ಉದ್ದೇಶವಿತ್ತೇ ಎಂಬುದು ಮುಖ್ಯವಾಗುತ್ತದೆ. ನೀವಾಗಿಯೇ ವಿಷಯ ತಿಳಿಸಿದ್ದು, ಬಿಲ್ ಪಡೆದದ್ದು, ಅಲ್ಲಿಯೇ ನಿಂತದ್ದು ಇವೆಲ್ಲ ನಿಮ್ಮ ಪರವಾಗಿ ನಿಲ್ಲುತ್ತವೆ. ಹೇಳದೆ ಹೊರಟವರ ಪರವಾಗಿ ಏನೂ ಇರುವುದಿಲ್ಲ, ಬಂಕಿನ ಕ್ಯಾಮೆರಾದಲ್ಲಿ ಗಾಡಿ ಸಂಖ್ಯೆ ಮಾತ್ರ ಇರುತ್ತದೆ.

ಹಾಗೆಯೇ ಬಂಕಿನವರು ನಿಮ್ಮನ್ನು ಕೋಣೆಯಲ್ಲಿ ಕೂಡಿಹಾಕುವುದಕ್ಕಾಗಲಿ, ಕೈ ಮಾಡುವುದಕ್ಕಾಗಲಿ, ಫೋನ್ ಕಸಿದುಕೊಳ್ಳುವುದಕ್ಕಾಗಲಿ ಹಕ್ಕಿಲ್ಲ. ಸುತ್ತ ಜನ ಸೇರತೊಡಗಿದರೆ, ದನಿಗಳು ಏರಿದರೆ, ಯಾರಾದರೂ ಗಾಡಿಯ ಕೀಲಿಗೆ ಕೈ ಹಾಕಿದರೆ ನೀವೇ 112ಕ್ಕೆ ಕರೆ ಮಾಡಿ. ಹತ್ತಿರದಲ್ಲಿರುವ ಪೊಲೀಸರ ಹೊಯ್ಸಳ ಗಸ್ತು ವಾಹನ ಬರುತ್ತದೆ. ಕರೆ ಮಾಡಿರುವುದನ್ನು ಬೆದರಿಕೆಯ ದನಿಯಲ್ಲಿ ಹೇಳದೆ, "ಇಬ್ಬರಿಗೂ ಒಳ್ಳೆಯದಾಗಲಿ, ಪೊಲೀಸರ ಮುಂದೆಯೇ ಬರೆದುಕೊಡ್ತೀನಿ" ಎಂದು ತಿಳಿಸಿ.

ಹಂತ 8: ಕಡಿತವಾದ ಹಣವನ್ನು ಹಿಂಪಡೆಯುವುದು

ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿಯಲ್ಲಿ ಹಣ ಕಡಿತವಾಗಿ ವ್ಯಾಪಾರಿಗೆ ದೃಢೀಕರಣ ಸಿಗದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ವ್ಯವಹಾರ ನಡೆದ ದಿನದ ನಂತರ ಐದು ದಿನಗಳೊಳಗೆ ಅದು ತಾನಾಗಿಯೇ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ಸ್ವೈಪ್ ಮೆಷಿನ್ನಿನಲ್ಲಿ ಹೀಗಾದರೂ ಇದೇ ನಿಯಮ.

ಐದು ದಿನ ಕಾಯುವ ಮುನ್ನವೇ ಆ್ಯಪ್‌ನಲ್ಲಿ ಆ ಪಾವತಿಯನ್ನು ತೆರೆದು ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮರಳದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಬ್ಯಾಂಕು ದೂರನ್ನು ತಿರಸ್ಕರಿಸಿದರೆ ಅಥವಾ 30 ದಿನಗಳಲ್ಲಿ ಉತ್ತರಿಸದಿದ್ದರೆ ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಸಲ್ಲಿಸಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಈ ದಿನಗಳಲ್ಲಿ ಗೂಗಲ್‌ನಲ್ಲಿ ಸಿಕ್ಕ ಯಾವುದೋ 'ಕಸ್ಟಮರ್ ಕೇರ್' ಸಂಖ್ಯೆಗೆ ಫೋನ್ ಮಾಡಿ, ಹಣ ವಾಪಸು ಪಡೆಯಲು ಪಿನ್ ಒತ್ತಿ ಎಂಬ ಮಾತನ್ನು ನಂಬಿದವರು ಇದ್ದದ್ದನ್ನೂ ಕಳೆದುಕೊಂಡಿದ್ದಾರೆ. ಹಣ ಬರುವುದಕ್ಕೆ ಪಿನ್ ಎಂದಿಗೂ ಬೇಕಾಗುವುದಿಲ್ಲ. ಅಂತಹ ಮೋಸವಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.

ಮುಂದಿನ ಸಲ ಪೆಟ್ರೋಲ್ ಹಾಕಿಸುವ ಮುನ್ನ

"ಝೀರೋ ನೋಡ್ಕೊಳ್ಳಿ ಸಾರ್" ಎಂದು ಅವರು ಹೇಳುವುದಕ್ಕೆ ಮೊದಲು ನೀವು ಕೇಳಬೇಕಾದ ಪ್ರಶ್ನೆ ಒಂದಿದೆ: "ಸ್ಕ್ಯಾನರ್ ಕೆಲಸ ಮಾಡ್ತಿದೆಯಾ?" ಸಂದೇಹವಿದ್ದರೆ ಮೊದಲು ಹಣ ಕಳುಹಿಸಿ, ಅದು ತಲುಪಿದ ಮೇಲೆ ಅಷ್ಟೇ ಮೊತ್ತಕ್ಕೆ ಪೆಟ್ರೋಲ್ ಹಾಕಿಸಿಕೊಳ್ಳಿ. 'ಫುಲ್ ಟ್ಯಾಂಕ್' ಎನ್ನುವುದಕ್ಕಿಂತ 200 ಅಥವಾ 300 ಎಂದು ಮೊತ್ತ ಹೇಳುವುದೇ ಕೈಕೊಡುವ ಫೋನಿನ ದಿನಗಳಲ್ಲಿ ಸುರಕ್ಷಿತ.

ಎರಡು ಬೇರೆ ಬ್ಯಾಂಕುಗಳ ಖಾತೆಗಳನ್ನು ಆ್ಯಪ್‌ಗೆ ಜೋಡಿಸಿಡಿ, ಯುಪಿಐ ಲೈಟ್‌ಗೆ ಸಾವಿರ ರೂಪಾಯಿ ತುಂಬಿಡಿ. ಕಾಲೇಜಿಗೆ ಹೋಗುವ ಮಕ್ಕಳು ಗಾಡಿ ಓಡಿಸುವ ಮನೆಯಲ್ಲಿ ನಿಮ್ಮ ಖಾತೆಯಿಂದಲೇ ಅವರೂ ಪಾವತಿಸುವಂತೆ ಯುಪಿಐ ಸರ್ಕಲ್ ಸೌಲಭ್ಯದಲ್ಲಿ ಅವರನ್ನು ಸೇರಿಸಿಕೊಂಡರೆ ಅವರಿಗೂ ಒಂದು ಆಸರೆ.

ಇಷ್ಟೆಲ್ಲ ಇದ್ದರೂ ಗಾಡಿಯಲ್ಲಿ ಒಂದು 500 ರೂಪಾಯಿಯ ನೋಟು ಇರಲೇಬೇಕು. ಬೆಂಗಳೂರಿನಲ್ಲಿ ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಅದಕ್ಕಿಂತ ಕಡಿಮೆ ಇಟ್ಟರೆ ಸ್ಕೂಟರಿನ ಬಿಲ್ಲಿಗೂ ಸಾಲದು. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಇಡಿ. ಪರಿಚಯದವರೊಬ್ಬರು ಹೀಗೆಯೇ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ವರ್ಷಗಳ ಹಿಂದೆ ಇಟ್ಟಿದ್ದ ನೋಟನ್ನು ಆಪತ್ತಿನ ಹೊತ್ತಿನಲ್ಲಿ ಹೆಮ್ಮೆಯಿಂದ ಹೊರತೆಗೆದಾಗ ಅದು 2,000 ರೂಪಾಯಿಯದಾಗಿತ್ತು. 2023ರ ಮೇ 19ರಂದು ಚಲಾವಣೆಯಿಂದ ಹಿಂತೆಗೆದುಕೊಂಡಿರುವುದಾಗಿ ಘೋಷಿತವಾದ ಆ ನೋಟನ್ನು ಬಂಕಿನವರು ಮುಟ್ಟಲಿಲ್ಲ. ಕೊನೆಗೆ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಯ ದಾರಿ ಹಿಡಿಯಬೇಕಾಯಿತು. ನೀವು ಇಟ್ಟಿರುವ ನೋಟನ್ನೂ ಒಮ್ಮೆ ತೆಗೆದು ನೋಡಿ, ಖರ್ಚಾಗಿದ್ದರೆ ಇವತ್ತೇ ಇನ್ನೊಂದು ಇಡಿ.